ಸರ್ದಾರ್ ಸಾಬರ ಸೊಟ್ಟ ಡಬ್ಬ

ಗುಂಡ್ಲುಪೇಟೆಯ ಒಂದು ಹಳೇ ಬೀದಿಯಲ್ಲಿ, ತಗಡಿನ ಕೆಲಸದ ಸರ್ದಾರ್ ಸಾಬರ ಶೆಡ್ಡೂ ಚಿಕ್ಕನಿಂಗಮ್ಮನ ಅಡುಗೆಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವೆ ಇರುವುದು ಒಂದೇ ಗೋಡೆ. ಆಕೆ ಸಾರಿಗೆ ಒಗ್ಗರಣೆ ಹಾಕಿದರೆ ಇವರು ಸೀನುತ್ತಾರೆ. ಇವರು ಸುತ್ತಿಗೆ ಎತ್ತಿದರೆ ಆಕೆಯ ಗೂಡಿನಲ್ಲಿರುವ ಲೋಟಗಳು ಕುಣಿಯುತ್ತವೆ.

ಸರ್ದಾರ್ ಸಾಬರು ಲಾಳಿಕೆ ಮಾಡಿದರೆ ಒಂದು ತೊಟ್ಟು ಎಣ್ಣೆ ಪಕ್ಕಕ್ಕೆ ಸೋರುವುದಿಲ್ಲ. ಡಬ್ಬ ಮಾಡಿದರೆ ಮುಚ್ಚಳ 'ಟಪ್' ಅಂತ ಕೂರಬೇಕು, ಇರುವೆ ಬಂದರೂ ಬಾಗಿಲು ಹುಡುಕಿಕೊಂಡು ಸುತ್ತಬೇಕು. ಅವರ ತಂದೆ ಹಾಗೆ ಕಲಿಸಿದ್ದರು. ಸಾಬರು ಇಲಿಬೋನು ಮಾಡಿಕೊಟ್ಟರೂ ಒಳಗಿನ ಅಂಚನ್ನೆಲ್ಲ ಮಡಚಿ, ಉಜ್ಜಿ ಕೊಡುತ್ತಿದ್ದರು. ಯಾಕೆ ಅಂದರೆ, ಇಲಿಯ ಮೈ ಗೀರಬಾರದಲ್ಲ ಅನ್ನುವರು. ಅವರ ಹೆಂಡತಿ ಕುಲ್ಸುಂ ಬಿ, "ಇಲಿ ವಾಪಸ್ ಬಂದು ಇನ್ನೊಂದು ಆರ್ಡರ್ ಕೊಡ್ತದೆ ನೋಡಿ" ಅಂತ ನಗುತ್ತಿದ್ದಳು.

ಚಿಕ್ಕನಿಂಗಮ್ಮನದು ಸೌದೆ ಒಲೆ. ಮನೆಯಲ್ಲಿ ಗ್ಯಾಸ್ ಇದ್ದರೂ, ಅದರಲ್ಲಿ ಬೆಂದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಆಕೆಯ ಹಟ. ಬೆಳಗಾದರೆ ಒಲೆಯ ಬೂದಿಯನ್ನು ಒಂದು ಪೇಂಟಿನ ಬಕೀಟಿಗೆ ಬಳಿದುಕೊಂಡು ಹಿತ್ತಲಿಗೆ ಹೊರಡುವಳು. ಬಕೀಟು ಪ್ಲಾಸ್ಟಿಕ್ಕಿನದು. ಹೀಗೆ ಎರಡು ಬಕೀಟು ತೂತಾಗಿದ್ದವು. ಮೂರನೆಯದರ ಗತಿ ಮಾತ್ರ ಬೇರೆ. ಆಕೆ ಶೆಡ್ಡಿನ ಪಕ್ಕಕ್ಕೆ ಬರುವ ಹೊತ್ತಿಗೆ ಅದರ ತಳ ಮೆಲ್ಲಗೆ ಜೋತುಬಿದ್ದು, ಹಸುವಿನ ಕೆಚ್ಚಲಿನ ಹಾಗಾಗಿ, ಕಳಚಿ ಬಿತ್ತು. ಅಲ್ಲೇ ಸರ್ದಾರ್ ಸಾಬರ ಬೆಸುಗೆ ಒಲೆಯ ಇದ್ದಿಲು ಚೀಲಗಳಿದ್ದವು. ಬೂದಿಯೊಳಗಿನ ಕೆಂಡ ಗೋಣಿಗೆ ತಗುಲಿ ಹೊಗೆ ಎದ್ದಿತು. ಕುಲ್ಸುಂ ಬಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿಬಂದು ಸುರಿದಳು. ಕೈಗೆ ಸಿಕ್ಕಿದ್ದು ನೆಂಟರಿಗೆ ಕಾಯಿಸಿದ ಚಹಾ. ಬೆಂಕಿ ಆರಿತು. ಒಂದು ವಾರ ಇದ್ದಿಲು ಹೊತ್ತಿಸಿದಾಗಲೆಲ್ಲ ಏಲಕ್ಕಿ ವಾಸನೆ.

"ತಣ್ಣಗಿತ್ತು ಕಣಪ್ಪ ಬೂದಿ. ಮ್ಯಾಲೆ ಕೈ ಮಡಗಿ ನೋಡೇ ಎತ್ಕೊಂಡಿವ್ನಿ" ಅಂದಳು ಚಿಕ್ಕನಿಂಗಮ್ಮ.

"ಮೇಲೆ ತಣ್ಣಗಿರ್ತದಮ್ಮ. ಬೂದಿ ಅನ್ನೋದು ಕಂಬಳಿ ಇದ್ದಂಗೆ. ಒಳಗೆ ಕೆಂಡ ಬೆಚ್ಚಗೆ ಹೊದ್ಕೊಂಡು ಮಲಗಿರ್ತದೆ. ಒಂದು ರಾತ್ರಿ ಅಲ್ಲ, ಎರಡು ರಾತ್ರಿ ಮಲಗಿದ್ರೂ ಮಲಗಿರ್ತದೆ."

"ಮಲಗಿದ್ರೆ ಮಲಗ್ಲಿ ಬುಡು. ನಾನು ಎಬ್ಬಿಸ್ನಾ?"

ಸರ್ದಾರ್ ಸಾಬರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶೆಡ್ಡು ಹೋದರೆ ಕಸುಬು ಹೋದಂತೆ. ಬೆಳಗ್ಗೆ ಎದ್ದವರೇ ಒಳ್ಳೆಯ ಕಬ್ಬಿಣದ ತಗಡು ಆರಿಸಿ ಬೂದಿಗೆಂದೇ ಒಂದು ಡಬ್ಬ ಮಾಡಲು ಕೂತರು. ಬೆಸುಗೆ ಹಾಕಿದರೆ ಕೆಂಡದ ಕಾವಿಗೆ ಕರಗುತ್ತದೆ ಎಂದು ಅಂಚು ಮಡಚಿ ರಿವೆಟ್ಟು ಹೊಡೆದರು. ತಳ ನೆಲಕ್ಕೆ ತಾಗದಿರಲೆಂದು ಮೂರು ಕಾಲು ಇಟ್ಟರು. ಗಾಳಿ ಸಿಗದೆ ಕೆಂಡ ತಾನಾಗಿ ಸಾಯಲೆಂದು ಬಿಗಿಯಾದ ಮುಚ್ಚಳ ಮಾಡಿದರು. ಮುಚ್ಚಳಕ್ಕೊಂದು ಹಿಡಿ. ಹಿಡಿ ಬೋಳಾಗಿ ಕಂಡಿತೆಂದು ಅದಕ್ಕೊಂದು ಹೂವಿನ ಮೊಗ್ಗು.

ಚಿಕ್ಕನಿಂಗಮ್ಮ ಡಬ್ಬವನ್ನು ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಮಾರನೆಯ ಬೆಳಗ್ಗೆ ಹೊಸದೊಂದು ಪ್ಲಾಸ್ಟಿಕ್ ಬಕೀಟು ಹಿತ್ತಲಿಗೆ ಬಂತು. ಅದರ ಹಿಂದೆ ಚಿಕ್ಕನಿಂಗಮ್ಮ.

"ಡಬ್ಬ ಎಲ್ಲಮ್ಮಾ?"

"ಒಳಗದೆ. ನಮ್ಮ ಚಂದ್ರಮತಿ ಚಂದಕವಾಡಿಯಿಂದ ಬತ್ತಾಳಲ್ಲ ಅಂತ ರವೆ ಉಂಡೆ ಕಟ್ಟಿ ತುಂಬ್ಸಿವ್ನಿ."

"ಅದು ಬೂದಿಗೆ ಅಂತ ಕೊಟ್ಟಿದ್ದು."

"ನಿಂಗೇನ್ ತಲೆ ಕೆಟ್ಟದಾ ಸರ್ದಾರಪ್ಪ? ಅಂಥ ಡಬ್ಬುಕ್ಕೆ ಯಾರಾರ ಬೂದಿ ಸುರೀತಾರಾ? ಅನ್ನ ತಿನ್ನೋರು ಮಾಡೋ ಕೆಲ್ಸವಾ ಅದು?"

ಮಗಳ ಉಂಡೆಗಿಂತ ಬೂದಿ ದೊಡ್ಡದು ಅಂತ ಹೇಳುವುದು ಹೇಗೆ? ಸರ್ದಾರ್ ಸಾಬರು ಎರಡನೆಯದನ್ನು ಮಾಡಿದರು. ಈ ಸಲ ಹಳೇ ಎಣ್ಣೆ ಟಿನ್ನು ಕತ್ತರಿಸಿ ಮಾಡಿದ್ದು. ಮೊಗ್ಗು ಇಲ್ಲ, ಬಣ್ಣ ಇಲ್ಲ. ಮೂರು ದಿನ ಬಿಟ್ಟು ವಿಚಾರಿಸಿದರು.

"ನೀ ಹೇಳ್ದಂಗೇ ಮಾಡಿವ್ನಿ. ಬಾ ನೋಡು" ಎಂದು ಆಕೆ ಒಳಗೆ ಕರೆದು ಮುಚ್ಚಳ ತೆಗೆದಳು. ಒಳಗೆ ಬೂದಿ ಇತ್ತು. ಸರ್ದಾರ್ ಸಾಬರ ಮುಖ ಅರಳಿತು. ಆಕೆ ಬೂದಿಯೊಳಗೆ ಕೈ ಹಾಕಿ ಒಂದು ಹಿಡಿ ಅವರೆಬೀಜ ಎತ್ತಿ ತೋರಿಸಿದಳು. "ಬಿತ್ತನೆ ಬೀಜ. ಜರಡಿ ಹಿಡಿದ ಬೂದೀಲಿ ಮಡಗಿದ್ರೆ ಹುಳ ಬೀಳಕಿಲ್ಲ. ನಿನ್ ಮುಚ್ಚಳ ಅದೆಂಥ ಚೆಂದಾಗಿ ಕೂರ್ತದಪ್ಪ. ಮೂರು ಮನೆ ಆಚೆ ಪುಟ್ಟಮಲ್ಲಮ್ಮನೂ ಬಂದು ನೋಡ್ಕೊಂಡ್ ಹೋದ್ಲು."

"ಒಲೆ ಬೂದಿ?"

"ಅದು ಬಕೀಟಲ್ಲಿ."

ಆ ಸಂಜೆ ಕುಲ್ಸುಂ ಬಿ ಗಂಡನ ಎದುರು ಕೂತು ತೀರ್ಪು ಕೊಟ್ಟಳು. "ತಪ್ಪು ಆ ತಾಯಿದಲ್ಲ, ನಿಮ್ಮದು. ನೀವು ಚೆನ್ನಾಗಿ ಮಾಡ್ತೀರಿ. ಕೆಟ್ಟದಾಗಿ ಒಂದು ಮಾಡಿ ಕೊಡಿ. ನೋಡಿದ ತಕ್ಷಣ ಇದು ಬೂದಿಗೇ ಸೈ ಅನ್ನಿಸಬೇಕು."

"ಕೆಟ್ಟದಾಗಿ ಅಂದ್ರೆ?"

"ನಮ್ಮ ದೊಡ್ಡಪ್ಪ ನಿಮ್ಮನ್ನ ಮೊದಲ ಸಲ ನೋಡಿ ಬಂದು, ಹುಡುಗ ಹೇಗಿದ್ದಾನೆ ಅಂತ ಮನೇಲಿ ಹೇಳಿದ್ರಲ್ಲ, ಹಾಗೆ."

ಕೆಟ್ಟದಾಗಿ ಮಾಡುವುದು ಸುಲಭ ಎಂದು ಸರ್ದಾರ್ ಸಾಬರೂ ಅಂದುಕೊಂಡಿದ್ದರು. ಕೂತು ನೋಡಿದರೆ ಕೈ ಒಪ್ಪಲೊಲ್ಲದು. ಸೊಟ್ಟ ಗೀರೋಣ ಎಂದು ಶುರುಮಾಡಿದ ಗೀರು ಅರ್ಧ ದಾರಿಯಲ್ಲಿ ನೆಟ್ಟಗಾಗುವುದು. ಕತ್ತರಿಯನ್ನು ಎಡಗೈಗೆ ಕೊಟ್ಟರು. ಎಡಗೈಯೂ ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನೋಡಿಕೊಂಡಿತ್ತೋ ಏನೋ, ಅದು ಕತ್ತರಿಸಿದ್ದೂ ಒಂದು ಥರ ಲಕ್ಷಣವಾಗಿಯೇ ಬಂತು. ಕೊನೆಗೆ ಡಬ್ಬವನ್ನು ಹೆಂಡತಿಯ ಮುಂದಿಟ್ಟು, ಸುತ್ತಿಗೆ ಕೊಟ್ಟು, ತಾವು ಗೋಡೆ ಕಡೆ ತಿರುಗಿ ನಿಂತರು.

ಕುಲ್ಸುಂ ಬಿ ಸೆರಗು ಸಿಕ್ಕಿಸಿಕೊಂಡು ಒಂದು ಏಟು ಹಾಕಿದಳು. ಇನ್ನೊಂದು ಹಾಕಿದಳು. ಮದುವೆಯಾದಾಗಿನಿಂದ ನುಂಗಿಕೊಂಡಿದ್ದ ಮಾತುಗಳು ಒಂದೊಂದಾಗಿ ನೆನಪಾದವೆಂದು ಕಾಣುತ್ತದೆ, ಏಟಿಗೆ ಲಯ ಬಂತು.

"ಸಾಕು" ಅಂದರು ಸರ್ದಾರ್ ಸಾಬರು.

"ಇದು ನಿಮ್ಮ ಅಕ್ಕಂದು" ಎಂದು ಆಕೆ ಇನ್ನೊಂದು ಹಾಕಿ ಸುತ್ತಿಗೆ ಕೆಳಗಿಟ್ಟಳು.

ಡಬ್ಬದ ಹೊಟ್ಟೆ ಒಳಗೆ ಹೋಗಿತ್ತು. ಒಂದು ಕಾಲು ಕುಂಟು. ಮುಚ್ಚಳ ಕೂರುತ್ತಿತ್ತು, ಆದರೆ ಮುನಿಸಿಕೊಂಡ ಬೀಗರ ಹಾಗೆ ಓರೆಯಾಗಿ. ಚಿಕ್ಕನಿಂಗಮ್ಮ ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. ಆಮೇಲೆ, "ಇದುಕ್ಕೆ ಬೂದಿ ಸುರೀಬೋದು" ಅಂದಳು.

ಸುರಿದಳು. ಎರಡು ದಿನಕ್ಕೊಮ್ಮೆ ಒಲೆಯಿಂದ ಬಳಿದು, ಡಬ್ಬಕ್ಕೆ ಹಾಕಿ, ಮುಚ್ಚಿ, ಸರ್ದಾರ್ ಸಾಬರು ಹೇಳಿಕೊಟ್ಟಂತೆ ಗೋಡೆಯಿಂದ ದೂರ, ಬೀದಿ ಜಗಲಿಯ ಕಲ್ಲಿನ ಮೇಲೆ ಎರಡು ದಿನ ತಣಿಯಲು ಬಿಟ್ಟು, ಆಮೇಲೆ ನೀರು ಚಿಮುಕಿಸಿ, ಕೋಲಿನಿಂದ ಕೆದಕಿ ನೋಡಿ ತಿಪ್ಪೆಗೆ ಹಾಕತೊಡಗಿದಳು. ಪ್ಲಾಸ್ಟಿಕ್ ಬಕೀಟು ಬಚ್ಚಲಿಗೆ ಹೋಯಿತು. ಇದ್ದಿಲು ಚೀಲಗಳು ನೆಮ್ಮದಿಯಾಗಿ ಕೂತವು.

ನೆಮ್ಮದಿ ಹೋದದ್ದು ಸರ್ದಾರ್ ಸಾಬರದು. ಬೀದಿ ಜಗಲಿ ಎಂದರೆ ಹೋಗುವವರು ಬರುವವರೆಲ್ಲ ನೋಡುವ ಜಾಗ. ನೋಡಿದವರು ಕೇಳದೆ ಹೋಗರು, ಕೇಳಿದರೆ ಚಿಕ್ಕನಿಂಗಮ್ಮ ಹೇಳದೆ ಬಿಡಳು.

"ನಮ್ ಸರ್ದಾರಪ್ಪನೇ ಮಾಡ್ಕೊಟ್ಟಿದ್ದು. ಕೈಯಾರೆ."

ಹಾಲಿನ ಕ್ಯಾನಿಗೆ ತಳ ಹಾಕಿಸಲು ಬಂದಿದ್ದ ಮರಿಯಯ್ಯ, ಕ್ಯಾನನ್ನು ಎದೆಗೆ ಅವುಚಿಕೊಂಡೇ ಶೆಡ್ಡಿನ ಬಾಗಿಲಲ್ಲಿ ನಿಂತ.

"ಸಾಬ್ರೆ, ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಚಾಮ್ರಾಜ್‌ನಗ್ರದಲ್ಲಿ ಕಣ್ಣಿನ ಕ್ಯಾಂಪ್ ಮಾಡ್ತಾರಂತೆ. ನಮ್ ಮಾವುಂಗೂ ಪೊರೆ ಬಂದಿತ್ತು. ಈಗ ಸೂಜಿಗೆ ದಾರ ಪೋಣಿಸ್ತಾವ್ನೆ."

"ನನ್ನ ಕಣ್ಣು ಚೆನ್ನಾಗದೆ."

"ಅಂಗಾರೆ ಕೈ ನಡುಗ್ತಾವಾ?"

"ಕೈನೂ ಚೆನ್ನಾಗದೆ ಮರಿಯಯ್ಯ."

"ವಯಸ್ಸು ಬುಡಿ" ಎಂದು ಮರಿಯಯ್ಯ ಕರುಣೆಯಿಂದ ತಲೆ ಆಡಿಸಿ, ಕ್ಯಾನನ್ನು ಕೊಡದೆ ವಾಪಸ್ ತೆಗೆದುಕೊಂಡು ಹೋದ.

ಅವತ್ತು ಸಂಜೆ ಚಿಕ್ಕನಿಂಗಮ್ಮ ಸೊಪ್ಪು ತರಲು ಹೋದಾಗ ಸರ್ದಾರ್ ಸಾಬರು ಜಗಲಿಗೆ ಹೋಗಿ ಕುಂಟು ಕಾಲೊಂದನ್ನು ಮಾತ್ರ ಸರಿ ಮಾಡಿದರು. ಕಾಲು ತಾನೇ, ಯಾರಿಗೆ ಗೊತ್ತಾಗುತ್ತದೆ. ಕಾಲು ಸರಿಯಾದ ಮೇಲೆ ಹೊಟ್ಟೆಯ ತಗ್ಗು ಇನ್ನೂ ಎದ್ದು ಕಂಡಿತು. ಎರಡು ದಿನ ತಡೆದುಕೊಂಡರು. ಮೂರನೆಯ ದಿನ, ಡಬ್ಬ ಬರಿದಾಗಿದ್ದಾಗ, ಒಳಗಿನಿಂದ ನಾಲ್ಕು ಏಟು ಮೆಲ್ಲಗೆ ಹಾಕಿ ಎಬ್ಬಿಸಿದರು. "ನಿಲ್ಲಿಸಿ. ಎಲ್ಲಿಗೆ ಮುಟ್ಟುತ್ತೆ ಅಂತ ನನಗೆ ಗೊತ್ತು" ಎಂದು ಕುಲ್ಸುಂ ಬಿ ಎಚ್ಚರಿಸಿದಳು. ಅವರು ಹೂಂ ಅಂದರು. ಓರೆಯಾಗಿದ್ದ ಮುಚ್ಚಳ ಮಾತ್ರ ಉಳಿದಿತ್ತು. ಅದನ್ನು ನೋಡಿಕೊಂಡು ಊಟ ಮಾಡುವುದಾದರೂ ಹೇಗೆ? ಶುಕ್ರವಾರ ನಮಾಜಿನಿಂದ ಬರುತ್ತಾ ಅದನ್ನೂ ತಟ್ಟಿ ಕೂರಿಸಿದರು. 'ಟಪ್' ಅಂತು. ಸರ್ದಾರ್ ಸಾಬರಿಗೆ ವಾರದಿಂದ ಹಿಡಿದಿದ್ದ ಉಸಿರು ಬಿಟ್ಟ ಹಾಗಾಯಿತು.

ಮಾರನೆಯ ಬೆಳಗ್ಗೆ ಗೋಡೆಯಾಚೆ ಕರಟದಲ್ಲಿ ಬೂದಿ ಬಳಿಯುವ ಸದ್ದು ಕೇಳಿತು. ಅದರ ಹಿಂದೆಯೇ ಪ್ಲಾಸ್ಟಿಕ್ ಬಕೀಟಿನ ತಂತಿ ಹಿಡಿ ಕಿರುಗುಟ್ಟಿತು. ಅವರು ಬರಿಗಾಲಲ್ಲೇ ಓಡಿದರು. ಸೊಟ್ಟ ಡಬ್ಬ ಹುಣಸೆಹಣ್ಣು ಹಾಕಿ ಉಜ್ಜಿಸಿಕೊಂಡು ಜಗಲಿಯಲ್ಲಿ ಬಿಸಿಲು ಕಾಯುತ್ತಿತ್ತು.

"ನೋಡ್ ನೋಡ್ತಾನೇ ಚೆಂದಾಗೋಯ್ತು ಕಣಪ್ಪ" ಅಂದಳು ಚಿಕ್ಕನಿಂಗಮ್ಮ. "ಬೂದಿ ಕಾವು ತಾಕಿ ತಾಕಿ ಸೊಟ್ಟ ಎಲ್ಲಾ ಬುಟ್ಕತ್ತು. ಬೆಲ್ಲ ಮಡಗನ ಅಂತ ತೊಳ್ದೆ. ಇನ್ನೊಂದು ಸೊಟ್ಟದು ಇದ್ರೆ ಕೊಡು, ಅದುನ್ನೂ ಸರಿ ಮಾಡ್ಕೊಡ್ತೀನಿ."

ಬಕೀಟು ಆಕೆಯ ಕೈಯಲ್ಲಿತ್ತು. ತಳ ಆಗಲೇ ಮೆತ್ತಗಾಗುತ್ತಿತ್ತು. ಸರ್ದಾರ್ ಸಾಬರು ಅದನ್ನು ಕಿತ್ತುಕೊಂಡು ಬರಿ ನೆಲದ ಮೇಲೆ ಮಗುಚಿದರು, ನೀರು ಸುರಿದರು, ಚುಯ್ ಅಂದ ಕೆಂಡಗಳನ್ನು ಒಂದೊಂದಾಗಿ ಆರಿಸಿದರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚಿಸಿದರು. ಇನ್ನೊಂದು ಸೊಟ್ಟ ಡಬ್ಬ ಮಾಡಿಸಬಹುದು. ಕುಲ್ಸುಂ ಬಿಯ ಹತ್ತಿರ ಏಟುಗಳು ಇನ್ನೂ ಬಾಕಿ ಇದ್ದವು. ಆದರೆ ಅದನ್ನು ಸೊಟ್ಟಗೇ ಬಿಡುವ ಶಕ್ತಿ ತಮಗಿಲ್ಲ ಎಂಬುದು ಅವರಿಗೆ ಖಚಿತವಾಗಿತ್ತು.

ಅಂದಿನಿಂದ ಬೆಳಗ್ಗೆ ಶೆಡ್ಡು ತೆಗೆಯುವ ಮುಂಚೆ ಸರ್ದಾರ್ ಸಾಬರೇ ಗಾರೆ ಕೆಲಸದವರ ಒಂದು ಕಬ್ಬಿಣದ ಬಾಂಡ್ಲಿ ಹಿಡಿದುಕೊಂಡು ಚಿಕ್ಕನಿಂಗಮ್ಮನ ಮನೆಗೆ ಹೋಗುತ್ತಾರೆ. ಬೂದಿ ಕೆದಕಿ, ಕೆಂಡ ಇದ್ದರೆ ಇಕ್ಕಳದಲ್ಲಿ ಎತ್ತಿ ನೀರಿಗೆ ಹಾಕಿ, ಉಳಿದದ್ದನ್ನು ಬಾಂಡ್ಲಿಗೆ ಬಳಿದು, ಮೇಲೊಂದು ತಗಡು ಮುಚ್ಚಿ, ಹಿತ್ತಲ ನಡುವಿನ ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಆಕೆ ಮಣೆ ಹಾಕಿಕೊಂಡು ಕೂತು ಮೇಸ್ತ್ರಿಕೆ ಮಾಡುತ್ತಾಳೆ.

ಒಂದು ದಿನ ಮರಿಯಯ್ಯ ಹಾಲು ಹಾಕಲು ಬಂದವನು, ಮೂಗಿನ ತುದಿಗೆ ಬೂದಿ ಹತ್ತಿಸಿಕೊಂಡು ಒಲೆಯ ಮುಂದೆ ಬಗ್ಗಿದ್ದ ಸರ್ದಾರ್ ಸಾಬರನ್ನು ನೋಡಿ ದಂಗಾದ.

"ಏನ್ ಸಾಬ್ರೆ, ಕಸುಬು ಬುಟ್‌ಬುಟ್ರಾ?"

"ಇಲ್ಲ ಕಣಯ್ಯ. ಬಿಡಕ್ಕೆ ಆಗ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂದೆ."

ಮರಿಯಯ್ಯನಿಗೆ ಅರ್ಥವಾಗಲಿಲ್ಲ. ಇನ್ನೇನೋ ಕೇಳಲು ಬಾಯಿ ತೆರೆದ.

"ಅವ್ನ ಮಾತಿಗೆ ಕೂತ್ಕಬ್ಯಾಡ ಸರ್ದಾರಪ್ಪ" ಅಂದಳು ಚಿಕ್ಕನಿಂಗಮ್ಮ ಮಣೆಯ ಮೇಲಿಂದ. "ಆ ಎಡಗಡೆ ಮೂಲೇಲಿ ಒಸಿ ಉಳ್ಕೊಂಡದೆ ನೋಡು."