ಚೀಲ ಕಟ್ಟಿದ ಹುಚ್ಚೆಳ್ಳು ಹೂವು

ನಮ್ಮ ಮನೆಯವರು ಹಳೆಯ ಪಂಚೆಯೊಂದನ್ನು ಹರಿದು, ಪುಟ್ಟ ಪುಟ್ಟ ಚೀಲ ಮಾಡಿ, ಹಿತ್ತಲಿನ ಸೀಬೆಕಾಯಿಗಳಿಗೆಲ್ಲ ಕಟ್ಟಿದ್ದಾರೆ. ಅಳಿಲಿನ ಕಾಟಕ್ಕೆ. ಚಿತ್ರದುರ್ಗದ ಅಳಿಲುಗಳು ಈ ಉಪಾಯಕ್ಕೆ ಸೋತಿವೆಯೋ ಇಲ್ಲವೋ ತಿಳಿಯದು, ನಾನಂತೂ ಸೋತೆ. ದೀಪಾವಳಿಗೆ ಎರಡು ದಿನ ಇರುವಾಗ, ಬೆಳಗ್ಗೆ ಒಂದು ಹಣ್ಣು ಕಿತ್ತುಕೊಳ್ಳೋಣವೆಂದು ಹೋದವಳು ಆ ಬಿಳಿ ಚೀಲದ ಮುಂದೆ ಕೈ ಚಾಚಿ ಹಾಗೇ ನಿಂತುಬಿಟ್ಟೆ.

“ಹಣ್ಣಾಗೈತೆ, ಬಿಚ್ಚಿ ಕಿತ್ಕ. ದೇವ್ರ ಮುಂದೆ ನಿಂತಂಗೆ ಯಾಕೆ ನಿಂತೀಯ?” ಎಂದರು ಇವರು. ಐವತ್ತು ವರ್ಷದ ಹಿಂದಿನ ಮಾತನ್ನು ಹಲ್ಲುಜ್ಜುತ್ತ ನಿಂತವರಿಗೆ ಹೇಳುವುದು ಹೇಗೆ? ಅಂಗಳದಲ್ಲಿ ಅಪ್ಪ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದರು. ಅವರು ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಹೇಳಬೇಕಾದ್ದು ನಿಜವಾಗಿ ಅವರಿಗೆ. ಆದರೆ ಅದಕ್ಕೆ ಮೊದಲು ನಿಮಗೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತೇನೆ. ನೀವು ಹೇಗೂ ಕುಳಿತಿದ್ದೀರಿ.

ಎಪ್ಪತ್ತರ ದಶಕ. ನನಗೆ ಹತ್ತು ವರ್ಷ. ಹಿರಿಯೂರಿನ ಹತ್ತಿರ, ಬಬ್ಬೂರಿನ ಕಡೆ ಒಂದು ಫಾರಂನಲ್ಲಿ ಅಪ್ಪ ಕೆಲಸಕ್ಕಿದ್ದರು. ಹೊಸ ತಳಿಯ ಬೀಜಗಳನ್ನು ಬೆಳೆದು ನೋಡುವ ಜಾಗ ಅದು. ಪ್ಲಾಟುಗಳಿಗೆ ನೀರು ಬಿಡುವುದು, ಹಕ್ಕಿ ಓಡಿಸುವುದು, ಫಾರಂ ನೋಡಿಕೊಳ್ಳುವ ಸಾಹೇಬರು ತೋರಿಸಿದ ಗಿಡಕ್ಕೆ ಚೀಟಿ ಕಟ್ಟುವುದು ಅಪ್ಪನ ಕೆಲಸ. ದಿನಗೂಲಿ. ಆ ವರ್ಷ ಇಬ್ಬರನ್ನು ಖಾಯಂ ಮಾಡುತ್ತಾರಂತೆ, ಅದರಲ್ಲಿ ಅಪ್ಪನ ಹೆಸರೂ ಇದೆಯಂತೆ ಎಂಬ ಸುದ್ದಿ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ದಿನವೂ ಊಟಕ್ಕೆ ಬರುತ್ತಿತ್ತು. ಖಾಯಂ ಆದರೆ ಅವ್ವ ಕಡಲೆಕಾಯಿ ಕೀಳುವ ಕೂಲಿಗೆ ಹೋಗುವುದು ತಪ್ಪುತ್ತಿತ್ತು.

ಕೆಲಸಗಾರರಿಗೆಂದು ಸಾಲಾಗಿ ಆರು ಮನೆ, ಲೈನು ಎನ್ನುತ್ತಿದ್ದರು, ಪ್ರತಿ ಮನೆಯ ಹಿಂದೆ ಮೂರು ಮಂಚ ಹಾಕುವಷ್ಟು ಹಿತ್ತಲು. ಬೇಸಿಗೆಯಲ್ಲಿ ಆ ಹಿತ್ತಲು ಕಣ್ಣಿಗೆ ಬೇಡವಾಗುತ್ತಿತ್ತು. ಮಳೆ ಹಿಂದಾಗಿ ಚಳಿ ಕಾಲಿಡುವ ಹೊತ್ತಿಗೆ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಬಚ್ಚಲ ನೀರು ಹರಿಯುವ ಕಡೆ ಚೆಂಡು ಹೂವು, ಬೇಲಿಯ ಮೇಲೆ ಅವರೆ ಬಳ್ಳಿ, ಮೂಲೆಯಲ್ಲಿ ಎರಡು ಸೇವಂತಿಗೆ ಬುಡ. ಅವ್ವ ಒಗೆಯುವ ಕಲ್ಲಿನ ಮೇಲೆ ಕುಳಿತು, ಬೆನ್ನಿಗೆ ಎಳೆ ಬಿಸಿಲು ಬೀಳುವಂತೆ ತಿರುಗಿಕೊಂಡು, ಬಾಳೆ ನಾರಿನಲ್ಲಿ ಚೆಂಡು ಹೂವು ಪೋಣಿಸುತ್ತಿದ್ದಳು. ನಾನೂ ಪೋಣಿಸುತ್ತಿದ್ದೆ. ನನ್ನ ತೋರಣದ ಒಂದು ತುದಿ ಬಾಗಿಲಿಗೆ ಸಾಲುತ್ತಿರಲಿಲ್ಲ, ಇನ್ನೊಂದು ತುದಿ ನೆಲಕ್ಕೆ ತಾಗುತ್ತಿತ್ತು. ಆದರೂ ಆರು ಮನೆಯಲ್ಲಿ ನಮ್ಮದೇ ಚೆನ್ನಾಗಿ ಕಾಣಬೇಕೆಂಬ ಹಟ ನನ್ನಷ್ಟು ಇನ್ನಾರಿಗೂ ಇರಲಿಲ್ಲ. ಪಕ್ಕದ ಮನೆಯವರು ದಸರೆಗೆ ಬಣ್ಣದ ಕಾಗದ ಕತ್ತರಿಸಿ ಕಟ್ಟಿದ್ದು ನನಗೆ ಹದಿನೈದು ದಿನ ನಿದ್ದೆ ಕೆಡಿಸಿತ್ತು.

ಆ ದೀಪಾವಳಿಗೆ ಮತ್ತೋಡಿನಿಂದ ಅಜ್ಜಿ, ಅಂದರೆ ಅಪ್ಪನ ತಾಯಿ, ಬಂದಳು. ಕುರಿ ಹಟ್ಟಿಯಲ್ಲಿ ಬದುಕು ಸವೆಸಿದವಳು. ಕೆರಕ ಮಾಡುವುದರಲ್ಲಿ ಎತ್ತಿದ ಕೈ. ನಮ್ಮ ಕಡೆ ಹಬ್ಬದ ದಿನ ಸಗಣಿಯನ್ನು ನಾದಿ, ಮುಷ್ಟಿ ಗಾತ್ರದ ಗೋಪುರಗಳನ್ನು ಮಾಡಿ, ಹೂವು ಚುಚ್ಚಿ, ಹೊಸ್ತಿಲಿನ ಎರಡೂ ಬದಿಗೆ ಇಡುತ್ತೇವೆ. ಅದೇ ಕೆರಕ. ಉತ್ತರಾಣಿ ಕಡ್ಡಿ ಬೇಕು, ತಂಗಟೆ ಹೂವು ಬೇಕು, ಚೆಂಡು ಹೂವು ಇದ್ದರೆ ಸರಿ. ಆದರೆ ಹುಚ್ಚೆಳ್ಳು ಹೂವಿಲ್ಲದ ಕೆರಕವನ್ನು ಅಜ್ಜಿ ಕೆರಕವೆಂದೇ ಒಪ್ಪುತ್ತಿರಲಿಲ್ಲ. ಹಬ್ಬದ ಬೆಳಗ್ಗೆ ಅಪ್ಪ ಸಾಮಾನು ತರಲು ಹಿರಿಯೂರಿಗೆ ಹೋಗಿದ್ದರು, ಅವ್ವ ಒಲೆಯ ಮುಂದಿದ್ದಳು. ಅಜ್ಜಿ ಕುಕ್ಕೆ ಎತ್ತಿಕೊಂಡು, “ಬಾರೇ, ಹೂವಿಗೆ ಹೋಗಾಣ” ಎಂದಳು.

ಫಾರಂನ ಬದಿಯಲ್ಲಿ ಬೆಳೆದಿದ್ದ ಹುಚ್ಚೆಳ್ಳಿನ ಹೂವನ್ನು ಲೈನಿನ ಮನೆಯವರು ಆಗಲೇ ಬರಿದು ಮಾಡಿದ್ದರು. ಉಳಿದದ್ದು ತಂತಿ ಬೇಲಿಯ ಒಳಗಿನ ಸಣ್ಣ ಪ್ಲಾಟು. ಅಲ್ಲಿ ಹನ್ನೆರಡು ಗಿಡಗಳ ಹೂಗೊಂಚಲಿಗೆ ಬಿಳಿ ಮಲ್ಲು ಬಟ್ಟೆಯ ಚೀಲ ಹಾಕಿ, ಕೆಂಪು ದಾರ ಸುತ್ತಿ, ರಟ್ಟಿನ ಚೀಟಿ ತೂಗಿಬಿಟ್ಟಿದ್ದರು. ಅಜ್ಜಿ ಬೇಲಿಯ ಹತ್ತಿರ ನಿಂತಳು. ಅವಳ ಮುಖ ಅರಳಿತು.

ಇಲ್ಲೊಂದು ಮಾತು ಹೇಳಬೇಕು. ಅಜ್ಜಿಯ ಹಟ್ಟಿಯಲ್ಲಿ ಹಬ್ಬಕ್ಕೆ ಮುಂಚೆ ದೇವರ ಹೆಸರಿನಲ್ಲಿ ಹಾಲು ತೆಗೆದಿಟ್ಟು ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಅದು ಮೀಸಲು. ಬಟ್ಟೆ ಕಟ್ಟಿದ ಮೇಲೆ ಅಳುವ ಮಗುವಿಗೂ ಅದರಲ್ಲಿ ಒಂದು ತೊಟ್ಟೂ ಇಲ್ಲ. ಹಬ್ಬದ ದಿನ ದೇವರ ಮುಂದೆಯೇ ಬಿಚ್ಚಬೇಕು. ಬಿಳಿ ಬಟ್ಟೆ ಕಟ್ಟಿದ ಹೂವನ್ನು ಹಬ್ಬದ ದಿನ ಕಂಡರೆ ಅವಳು ಇನ್ನೇನು ತಿಳಿಯಬೇಕು?

“ಲೇ, ಇದು ಮೀಸಲು ಹೂವೇನೇ?” ಎಂದು ಕೇಳಿದಳು. “ಹಬ್ಬಕ್ಕೆ ಅಂತ ಕಟ್ಟಿರೋದೇನು?”

ನನಗೆ ಗೊತ್ತಿತ್ತು. ಎರಡು ತಳಿ ಕೂಡಿಸಿ ಬೀಜ ತೆಗೆಯಲು ಸಾಹೇಬರು ಕಟ್ಟಿಸಿದ ಚೀಲಗಳು ಅವು, ಜೇನುಹುಳ ಕೂಡ ಮುಟ್ಟಬಾರದೆಂದು ಅಪ್ಪ ಊಟದ ಹೊತ್ತಿಗೆ ಮೂರು ಸಲ ಹೇಳಿದ್ದರು. ಆದರೆ ಚೀಲದೊಳಗಿನ ಹೂವು ಬಟ್ಟೆಯ ಮರೆಯಿಂದ ಹಳದಿಯಾಗಿ ಕಾಣುತ್ತಿತ್ತು. ಹುಳ ಮುಟ್ಟಿರಲಿಲ್ಲ, ಒಂದು ಎಸಳೂ ಸುಕ್ಕಾಗಿರಲಿಲ್ಲ. ಪಕ್ಕದ ಮನೆಯ ಬಣ್ಣದ ಕಾಗದ ಕಣ್ಣ ಮುಂದೆ ಬಂತು.

“ಹೂಂ ಅಜ್ಜಿ” ಎಂದೆ.

ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಂದು ಚೀಲದ ಹೂವನ್ನು ಇನ್ನೊಂದರ ಜೊತೆ ಬೆರೆಸಲಿಲ್ಲ, ಮೀಸಲು ಬೆರೆಸಬಾರದಲ್ಲ. ಮನೆಗೆ ಬಂದು ಹನ್ನೆರಡು ಕೆರಕ ಮಾಡಿದಳು, ಒಂದೊಂದಕ್ಕೆ ಒಂದೊಂದು ಚೀಲದ ಹೂವು. ದಾರ ಬಿಸಾಡಲು ಮನಸ್ಸು ಬರದೆ ಕೆರಕದ ಸುತ್ತ ಸುತ್ತಿದಳು. ಚೀಟಿಯನ್ನು ಪೂಜಾರಿ ಬರೆದದ್ದಿರಬೇಕೆಂದು ಅದರ ನೆತ್ತಿಗೆ ಸಿಕ್ಕಿಸಿದಳು. ಬಿಳಿ ಚೀಲಗಳನ್ನು ಒಗೆದು ತಂತಿಗೆ ಹಾಕಿದಳು. ಸಂಜೆ ಲೈನಿನ ಹೆಂಗಸರೆಲ್ಲ ಬಂದು ನೋಡಿ ಹೋದರು. ಅಷ್ಟು ಚೆಂದದ ಹೊಸ್ತಿಲನ್ನು ನಾನು ಮತ್ತೆ ನೋಡಿಲ್ಲ. ಕತ್ತಲಾದ ಮೇಲೆ ಮನೆಗೆ ಬಂದ ಅಪ್ಪ ಕೈಯಲ್ಲಿದ್ದ ಸಾಮಾನಿನ ಚೀಲಗಳ ಭಾರಕ್ಕೆ ಕೆಳಗೆ ನೋಡಲೂ ಇಲ್ಲ.

ಮರುದಿನ ಬೆಳಗ್ಗೆ ಸಾಹೇಬರು ಪ್ಲಾಟಿಗೆ ಹೋಗಿ, ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕುಳಿತು, ಸಗಣಿಯ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದಿದರು. ಅವು ಅಪ್ಪನ ಕಣ್ಣಿಗೆ ಬಿದ್ದದ್ದೂ ಆಗಲೇ.

“ಯಾರು ಕಿತ್ತಿದ್ದು?”

“ನಾನೇ ಸ್ವಾಮಿ” ಎಂದಳು ಅಜ್ಜಿ. “ಮೀಸಲು ಅಂತ ತಿಳ್ಕಂಡೆ.”

“ಮೀಸಲೇ ಅಜ್ಜಿ. ಬೀಜಕ್ಕೆ ಮೀಸಲು.” ಸಾಹೇಬರು ಮೈಸೂರು ಕಡೆಯವರು, ಮೆಲ್ಲಗೆ ಮಾತಾಡುತ್ತಿದ್ದರು. “ಕೀಳುವುದಕ್ಕೆ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೆ?”

ಅಜ್ಜಿ ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿಯಿತು.

“ಕೇಳ್ಲಿಲ್ಲ ಸ್ವಾಮಿ. ಕುರಿ ಕಾಯೋಳಿಗೆ ಅಷ್ಟು ಬುದ್ಧಿ ಎಲ್ಲೈತೆ?”

“ಕೇಳಿ ಕೀಳ್ಬೇಕು ಅನ್ನೋದೂ ಗೊತ್ತಾಗಲ್ವೇನವ್ವ ನಿನಗೆ?” ಎಂದು ಅಪ್ಪ ಎಲ್ಲರ ಮುಂದೆ ಕೂಗಿದರು. ಅಪ್ಪ ತನ್ನ ತಾಯಿಯ ಮೇಲೆ ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಸಾಹೇಬರು ಕೆಟ್ಟವರಲ್ಲ, ಆದರೆ ಒಂದು ವರ್ಷದ ಕೆಲಸ ಹೋಗಿತ್ತು, ಮೇಲಿನವರಿಗೆ ಬರೆಯಬೇಕಾದ್ದನ್ನು ಬರೆದರು. ಅಪ್ಪ ಖಾಯಂ ಆದದ್ದು ಮೂರು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಅವ್ವ ಕಡಲೆಕಾಯಿ ಕಿತ್ತಳು. ಅಪ್ಪ ಅಜ್ಜಿಯನ್ನು ಮತ್ತೆ ಹಬ್ಬಕ್ಕೆ ಕರೆಯಲಿಲ್ಲ, ಕರೆಯದೆ ಅವಳು ಬರಲಿಲ್ಲ. ಒಣಗಿದ ಕೆರಕಗಳನ್ನು ಅವ್ವ ಹಿತ್ತಲಿಗೆ ಎಸೆದಿದ್ದಳು. ಮುಂದಿನ ಮಳೆಗೆ ಚೆಂಡು ಹೂವಿನ ನಡುವೆ ಎರಡು ಹುಚ್ಚೆಳ್ಳು ಗಿಡ ಎದ್ದವು. ಅಪ್ಪ ಆಸೆಯಿಂದ ಸಾಹೇಬರನ್ನು ಕರೆತಂದು ತೋರಿಸಿದರು. ಯಾವ ಚೀಟಿಯದ್ದೆಂದು ತಿಳಿಯದ ಗಿಡ ನಮಗೆ ಕಳೆಯ ಲೆಕ್ಕ ಎಂದು ಅವರು ಹೊರಟುಹೋದರು. ಅವ್ವ ಆ ಕಳೆಯನ್ನು ಕೀಳಲಿಲ್ಲ. ಆ ವರ್ಷ ನಾನು ತೋರಣ ಪೋಣಿಸಲಿಲ್ಲ, ಹೊಟ್ಟೆನೋವೆಂದು ಮಲಗಿದೆ.

ಆ ಚಳಿಯಲ್ಲೇ ಅವ್ವನ ಜೊತೆ ಮತ್ತೋಡಿಗೆ ಹೋದೆ. ಅಜ್ಜಿ ಬಿಸಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವ್ವ ನೀರಿಗೆ ಹೋದ ಸಮಯ ನೋಡಿ, “ಅಜ್ಜಿ, ಆವತ್ತು ನಾನು...” ಎಂದೆ. ಅವಳು ನನ್ನ ಮಡಿಲಿಗೆ ಒಂದು ಬೊಗಸೆ ಕಾಯಿ ಸುರಿದಳು.

“ಅದನ್ನ ನಾನು ಕಟ್ಟಿಟ್ಟಿದೀನಿ ಕಣವ್ವ. ನೀನು ಬಿಚ್ಬ್ಯಾಡ. ಸುಲಿ.”

ಸುಲಿದೆ. ಬೆರಳಿಗೆ ಅಂಟಿದ ಸೊಗಡು ಎರಡು ದಿನ ಹೋಗಲಿಲ್ಲ. ಅಜ್ಜಿ ಮುಂದೆ ಹೆಚ್ಚು ವರ್ಷ ಇರಲಿಲ್ಲ.

ಇಷ್ಟು. ಇದನ್ನೆಲ್ಲ ಮೊನ್ನೆಯೇ ನಿಮಗೆ ಹೇಳಿದ್ದೆನಲ್ಲ, ಅಭ್ಯಾಸವಾಯಿತು. ಇವತ್ತು ಹಬ್ಬ. ಬೆಳಗ್ಗೆ ಸಂತೆಹೊಂಡದ ಕಡೆಯಿಂದ ಹುಚ್ಚೆಳ್ಳು ಹೂವು ತಂದು, ಅಪ್ಪನ ಪಕ್ಕದಲ್ಲಿ ಚಾಪೆ ಹಾಸಿ ಸಗಣಿ ನಾದುತ್ತ ಹೇಳಿಬಿಟ್ಟೆ. ಅಜ್ಜಿ ಕೇಳಿದ್ದಳು, ನನ್ನನ್ನೇ ಕೇಳಿದ್ದಳು, ಹೂಂ ಅಂದವಳು ನಾನು ಎಂದೆ. ಅಪ್ಪ ಸೀಬೆ ಗಿಡದ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅವ್ವ ಕೇಳ್ದೆ ಒಂದು ಕಡ್ಡೀನೂ ಮುಟ್ಟೋಳಲ್ಲ” ಎಂದರು. “ಮಗನಾಗಿ ನನಗದು ಗೊತ್ತಿರ್ಬೇಕಿತ್ತು.”

ಆಮೇಲೆ ಕುರ್ಚಿಯಿಂದ ಮೆಲ್ಲಗೆ ಕೆಳಗಿಳಿದು ಚಾಪೆಯ ಮೇಲೆ ಕುಳಿತರು. ಒಂದು ಕೆರಕ ಮಾಡಿದರು, ಸೊಟ್ಟಗೆ. ಹೂವು ಚುಚ್ಚುವ ಮೊದಲು ಕುಕ್ಕೆಯನ್ನು ನನ್ನ ಕಡೆ ಸರಿಸಿ ಕೇಳಿದರು.

“ಈ ಹೂವು ತಗಳ್ಳಾ?”