ನೇರ ಉತ್ತರ ಕೇಳುವವನು

ನಮ್ಮ ತ್ರಾಸಿ ಊರಿನವನೇ ಆದ ಆ ಟಿವಿ ಪತ್ರಕರ್ತ ಇಪ್ಪತ್ತೈದು ವರ್ಷದಿಂದ ಮಂತ್ರಿಗಳಿಗೆ ಪ್ರಶ್ನೆ ಕೇಳಿ ಬೆವರಿಳಿಸಿದವನು. ಕನ್ನಡಕ ತೆಗೆದು, ಬೆರಳೆತ್ತಿ, "ಸುತ್ತಿ ಬಳಸಿ ಬೇಡ, ನೇರ ಉತ್ತರ ಕೊಡಿ" ಎನ್ನುತ್ತಿದ್ದ. ನನ್ನ ಮೊಮ್ಮಗಳು ನಾನು ಕರೆದರೂ ತಿರುಗದೆ ಟಿವಿಯಲ್ಲಿ ಅವನನ್ನೇ ನೋಡುತ್ತಾ ಕೂತರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ರಜೆಗೆ ಊರಿಗೆ ಬಂದವನು ಒಂದು ಬೆಳಿಗ್ಗೆ ನನ್ನ ಮೀನುಬುಟ್ಟಿಯ ಮುಂದೆ ನಿಂತು ಬೆರಳೆತ್ತಿದ.

"ಅಕ್ಕಾ, ಬಂಗ್ಡಿ ಇವತ್ತಿನ್ದಾ? ನೇರ ಉತ್ತರ ಕೊಡಿ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮೊಮ್ಮಗಳು ಮೀನಿನ ಕಿವಿರು ಎತ್ತಿ ಒಳಗಿನ ತಾಜಾ ಕೆಂಪು ತೋರಿಸಿದಳು.

"ಹ್ವಾಯ್, ಮೀನ್ ಕೇಂಬುದಲ್ಲ, ಕಾಂಬುದ್. ಅಷ್ಟೂ ಗೊತ್ತಿಲ್ಯಾ ನಿಮ್ಗೆ?"

ಕೇಳುವುದಲ್ಲ, ನೋಡುವುದು ಎಂಬ ಆ ಪಾಠಕ್ಕೆ ಅವನು ನಕ್ಕುಬಿಟ್ಟ. "ನಿಂಗ್ ಕಲ್ಸಿದ್ ಯಾರ್ ಮಗಾ?"

"ನನ್ ಅಮ್ಮಮ್ಮ!"

ಆ ಖುಷಿ ಹೇಗೆ ಹೇಳಲಿ! ಅವನ ಚೀಲಕ್ಕೆ ಎರಡು ಬಂಗುಡೆ ಹೆಚ್ಚೇ ಬಿದ್ದವು.