ದೊಡ್ಡವಳನ್ನು ತವರಿಗೆ ಕಳಿಸಿದ ಅತ್ತೆ

ಗಿರಿಜತ್ತೆ ಮಜ್ಜಿಗೆ ಹೊಯ್ಯುವುದನ್ನು ನೋಡಬೇಕಿತ್ತು. ಚೊಂಬನ್ನು ಎದೆಮಟ್ಟಕ್ಕೆ ಎತ್ತಿ, ನೆಲದ ಮೇಲಿನ ಲೋಟಕ್ಕೆ ನೂಲಿನಂತೆ ಇಳಿಸುತ್ತಿದ್ದಳು. ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ನಾನು ಹೊಯ್ದರೆ ಅರ್ಧ ನೆಲದ ಪಾಲು.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಹೊನ್ನಾಳಿಯ ನಮ್ಮ ಮನೆಯಲ್ಲೇ ಇದ್ದಳು. ನನ್ನ ಎಡಗಣ್ಣು ಮೂಗಿನ ಕಡೆ ಜಾರುತ್ತಿತ್ತು. "ಮೆಳ್ಳಗಣ್ಣು ಮನೇಗೆ ಅದೃಷ್ಟ, ಹಂಗೇ ಇರ್ಲಿ ಬಿಡ್ರಿ" ಎನ್ನುತ್ತಿದ್ದಳು ಅಜ್ಜಿ. ಅತ್ತೆಗೆ ಮಾತ್ರ ಅನುಮಾನ. ಒಂದು ದಿನ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿ, "ನನ್ನ ಮುಖ ಕಾಣ್ತೈತಾ?" ಎಂದಳು. ಬರೀ ಮಂಜು. ಮರುದಿನವೇ ನನ್ನನ್ನು ಶಿವಮೊಗ್ಗದ ಬಸ್ಸು ಹತ್ತಿಸಿದಳು.

ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: ಬಲಗಣ್ಣೇ ಎಲ್ಲವನ್ನೂ ನೋಡುವುದರಿಂದ ಎಡಗಣ್ಣಿನ ಮಾತನ್ನು ಮಿದುಳು ಕೇಳುವುದನ್ನೇ ಬಿಟ್ಟಿದೆ. ದಿನಾ ಕೆಲವು ತಾಸು ಒಳ್ಳೆಯ ಕಣ್ಣನ್ನು ಮುಚ್ಚಬೇಕು, ಹುಡುಗಿ ಬೆಳೆದ ಮೇಲೆ ಸರಿಪಡಿಸುವುದು ಕಷ್ಟ. ಓರಗಿತ್ತಿಯರ ನಡುವೆ ಬಾಳಿದ್ದ ಅತ್ತೆ ಮನೆಯಲ್ಲಿ ಅದನ್ನು ತನ್ನ ಭಾಷೆಯಲ್ಲಿ ಹೇಳಿದಳು. "ಎರಡು ಕಣ್ಣು ಅಂದ್ರೆ ಓರಗಿತ್ತೇರು ಇದ್ದಂಗೆ. ದೊಡ್ಡೋಳೇ ಎಲ್ಲಾ ಮಾಡಿದ್ರೆ ಸಣ್ಣೋಳಿಗೆ ಒಲೆ ಹಚ್ಚಾಕೂ ಬರಾದಿಲ್ಲ. ದೊಡ್ಡೋಳನ್ನ ತವರಿಗೆ ಕಳಿಸ್ರಿ, ಆಮ್ಯಾಲೆ ಸಣ್ಣೋಳು ಹೆಂಗೆ ಕಲಿಯಾದಿಲ್ಲ, ನಾನೂ ನೋಡ್ತೀನಿ!"

ಶಾಲೆಯಿಂದ ಬಂದ ತಕ್ಷಣ ಬಲಗಣ್ಣಿಗೆ ಹತ್ತಿ, ಅದರ ಮೇಲೆ ಪ್ಲಾಸ್ಟರು. ಮುಂದೆ ಮೊರದ ತುಂಬ ಅಕ್ಕಿ. ಕಲ್ಲು ಕಾಣದೆ ಅಳುತ್ತಿದ್ದೆ, ಹೊಸ್ತಿಲು ಎಡವುತ್ತಿದ್ದೆ. ಅತ್ತೆಯ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಮಾತೇ ಬಿಟ್ಟಿದ್ದೆ. ಅವಳು ಮದುವೆಗೆಂದು ಬಸವಾಪಟ್ಟಣಕ್ಕೆ ಹೋದಾಗ, ಕನಿಕರದ ಅಜ್ಜಿ ಹತ್ತಿಯನ್ನು ಕಿತ್ತು ಎಡಗಣ್ಣಿಗೆ ಅಂಟಿಸಿದಳು. "ಸೋತಿರೋ ಕಣ್ಣಿಗಲ್ಲೇನೇ ಆರಾಮು ಬೇಕಾಗಿರಾದು?" ನನಗೆ ಹಬ್ಬವೇ ಹಬ್ಬ. ವಾಪಸು ಬಂದ ಅತ್ತೆ ಚೀಲವನ್ನೂ ಇಳಿಸಲಿಲ್ಲ. "ಅವ್ವಾ, ನಿನ್ನ ಕನಿಕರಕ್ಕೆ ಈ ಹುಡುಗಿ ಕಣ್ಣು ಹೋಗ್ತೈತೆ" ಎಂದು ಹತ್ತಿಯನ್ನು ಮತ್ತೆ ಬಲಕ್ಕೆ ತಂದಳು.

ಕೊನೆಗೂ ಎಡಗಣ್ಣಿಗೆ ಅಕ್ಕಿಯೊಳಗಿನ ಕಲ್ಲು ಸಿಕ್ಕಿತು. ಅತ್ತೆ ಅದನ್ನು ಊರಿಗೆಲ್ಲ ತೋರಿಸಿದಳು. ಆದರೆ ಹತ್ತಿ ತೆಗೆದರೆ ಎರಡೂ ಕಣ್ಣು ಕೂಡಿ ನೋಡುತ್ತಿರಲಿಲ್ಲ. ಲೋಟ ಎಷ್ಟು ದೂರವಿದೆ ಎಂಬುದು ತಿಳಿಯುತ್ತಿರಲಿಲ್ಲ. "ಇಬ್ರೂ ಕಲ್ತಾರೆ, ಇನ್ನು ಒಂದೇ ಒಲೆ ಮುಂದೆ ನಿಲ್ಸಬೇಕು" ಎಂದು ನನ್ನ ಕೈಗೆ ಮಜ್ಜಿಗೆ ಚೊಂಬು ಕೊಟ್ಟಳು. ಲೋಟದ ಅಂಚಿಗೆ ಚೊಂಬು ತಾಗಿಸುವಂತಿಲ್ಲ, ದೂರವನ್ನು ಕಣ್ಣೇ ಅಳೆಯಬೇಕು. ವರ್ಷಗಟ್ಟಲೆ ಚೆಲ್ಲಿದೆ. ಡಾಕ್ಟರು ಇಷ್ಟೇ ಸಾಧ್ಯ ಎಂದರು, ಅತ್ತೆ ಒಪ್ಪಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಜಗಳೂರಿನ ಗಂಡನ ಮನೆಯಿಂದ ಅವಳನ್ನು ನೋಡಲು ಬಂದೆ. ಅದೇ ಕೊನೆಯ ಭೇಟಿ. ಗೋಡೆಗೆ ಒರಗಿ ಕೂತಿದ್ದಳು, ಸೊರಗಿಹೋಗಿದ್ದಳು. ಅವಳ ಕೈಯ ಲೋಟದ ಅಂಚಿಗೆ ಚೊಂಬು ತಾಗಿಸಿ ಮಜ್ಜಿಗೆ ಬಗ್ಗಿಸಿದೆ.

"ಅಂಚು ಬಿಡು."

ಎತ್ತಿದೆ. ಮಜ್ಜಿಗೆ ಅವಳ ಮಡಿಲಿಗೆ ಬಿತ್ತು. ನನಗೆ ಅಳು ಬಂತು. ಅತ್ತೆ ಸೀರೆ ಒರೆಸಿಕೊಳ್ಳಲೂ ಇಲ್ಲ, ಲೋಟ ಮುಂದೆ ಚಾಚಿದಳು.

"ಇನ್ನೊಂದ್ಸಲ ಹೊಯ್ಯಿ."

ಹೊಯ್ದೆ. ಲೋಟ ತುಂಬುವ ತನಕ ಅವಳು ಕೈ ಕದಲಿಸಲಿಲ್ಲ.